ಕೇಳದ ಗುಡುಗು

ಏಪ್ರಿಲ್ ತಿಂಗಳು ಬಂದರೆ ಕೊಡಗಿನಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ ಜಾಸ್ತಿ. ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಬೆಟ್ಟದಾಚೆ ಎಲ್ಲೋ ಗುಡುಗು ಒಮ್ಮೆ ಮಗ್ಗುಲು ಬದಲಿಸಿದರೆ ಸಾಕು. ಒಲೆಯ ಮೇಲೆ ಹಾಲಿದ್ದರೂ ಬಿಟ್ಟು ಬಂದು ಜನ ಟೀವಿಯ ಪ್ಲಗ್ಗು ಕೀಳುತ್ತಾರೆ, ಡಿಶ್ಶಿನ ವೈರು ಬಿಚ್ಚುತ್ತಾರೆ, ಆಮೇಲೆಯೇ ಆಕಾಶ ನೋಡುವುದು. ಸಿಡಿಲಿಗೆ ಸುಟ್ಟ ಸಾಮಾನು ಒಂದಾದರೂ ಅಟ್ಟದ ಮೇಲಿಲ್ಲದ ಮನೆ ಹುಡುಕಿದರೂ ಸಿಗಲಿಕ್ಕಿಲ್ಲ.

‘ಬೆಳಕಿಂಡಿ’ ಟ್ರಸ್ಟಿನವರು ಜಿಲ್ಲೆಯಲ್ಲಿ ತೆರೆದ ಹನ್ನೊಂದು ಓದುಮನೆಗಳಲ್ಲೂ ಇದೇ ಪದ್ಧತಿ. ಒಂದು ಓದುಮನೆಗೆ ಒಂದು ಕಂಪ್ಯೂಟರು, ಅದನ್ನು ನೋಡಿಕೊಳ್ಳಲು ಊರಿನವರೇ ಒಬ್ಬರು. ಹನ್ನೊಂದಕ್ಕೂ ಮೇಲ್ವಿಚಾರಕಿಯಾಗಿ ಸುಂಟಿಕೊಪ್ಪದ ಮಹಡಿಯ ಕೋಣೆಯಲ್ಲಿ ಕೂತವಳು ಮೋಕ್ಷಿತಾ; ಹನ್ನೊಂದರಲ್ಲಿ ಒಂದಾದ ಅಲ್ಲಿನ ಓದುಮನೆಯನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಹನ್ನೊಂದು ಜನರೂ ಸೇರಿ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಅದಕ್ಕೆ ‘ಗುಡುಗು’ ಎಂದೇ ಹೆಸರು. ಮೊದಲು ಕೇಳಿದವರು ಅದರಲ್ಲಿ ‘ಗುಡುಗು’ ಎಂದು ಹಾಕಬೇಕು, ಉಳಿದವರು ಪ್ಲಗ್ಗು ಕಿತ್ತು ‘ತೆಗೆದೆ’ ಎನ್ನಬೇಕು. ವಿರಾಜಪೇಟೆಯಲ್ಲಿ ಕೂಗಿದ ಗುಡುಗಿಗೆ ಮಾದಾಪುರದಲ್ಲಿ ಪ್ಲಗ್ಗು ಹೊರಗೆ ಬರುತ್ತಿತ್ತು. ಮೂರು ವರ್ಷದಲ್ಲಿ ಒಂದು ಮಿಷನ್ನೂ ಸುಟ್ಟಿರಲಿಲ್ಲ.

ಒಮ್ಮೆ ಮಾತ್ರ ಎಡವಟ್ಟಾಗಿತ್ತು. ಕುಶಾಲನಗರದ ಕಡೆಯ ಓದುಮನೆಯ ನಿಂಗಮ್ಮ, ರಸ್ತೆ ಕೆಲಸದ ಟಿಪ್ಪರು ಜಲ್ಲಿ ಸುರಿದ ಸದ್ದಿಗೆ ಬೆಚ್ಚಿ ‘ಗುಡುಗು’ ಹಾಕಿಬಿಟ್ಟಳು. ಹನ್ನೊಂದೂ ಕಡೆ ಪ್ಲಗ್ಗು ಹೊರಬಂತು. ವಿರಾಜಪೇಟೆಯಲ್ಲಿ ಒಬ್ಬ ಹುಡುಗಿಯ ಕಾಲೇಜು ಅರ್ಜಿ ಅರ್ಧಕ್ಕೆ ನಿಂತಿತು. ಅವತ್ತು ಮಾದಾಪುರದ ಬೊಳ್ಳಪ್ಪ ನಿಂಗಮ್ಮ ಬಾಯಲ್ಲಿ ಹೇಳಿ ಕಳಿಸಿದ್ದ ಸಂದೇಶದ ಹಿಂದಿದ್ದ ಸದ್ದನ್ನು ಎರಡು ಸಲ ಕೇಳಿ, “ನಿಂಗಮ್ಮಾ, ಗುಡುಗು ಉರುಳ್ತದೆ, ಸುರಿಯೋದಿಲ್ಲ. ಇದು ಕಲ್ಲು” ಎಂದು ಧ್ವನಿ ಸಂದೇಶ ಕಳಿಸಿದ್ದರು. ನಿಂಗಮ್ಮ ವಾರಗಟ್ಟಲೆ ‘ಜಲ್ಲಿ ನಿಂಗಮ್ಮ’ ಆದಳು. ಅಂದಿನಿಂದ ಗುಂಪಿಗೆ ಒಂದೇ ಕಟ್ಟಳೆ: ಕಿವಿಯಾರೆ ಕೇಳಿದರೆ ಮಾತ್ರ ಹಾಕು. ಬೊಳ್ಳಪ್ಪ ಹಾಕಿದರೆಂದರೆ ಯಾರೂ ಕಿಟಕಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ, ಕೈ ಸೀದಾ ಪ್ಲಗ್ಗಿಗೆ ಹೋಗುತ್ತಿತ್ತು.

ಬೊಳ್ಳಪ್ಪನ ಕಿವಿಗೆ ಅಷ್ಟು ಬೆಲೆ ಬರಲು ಕಾರಣವಿತ್ತು. ಮೂವತ್ತು ವರ್ಷ ಎಸ್ಟೇಟಿನಲ್ಲಿ ರೈಟರಾಗಿ ಹಾಜರಿ ಪುಸ್ತಕ ಬರೆದ ಮನುಷ್ಯ, ಐವತ್ತೆರಡಕ್ಕೆ ಎರಡೂ ಕಣ್ಣು ಆರಿ ಮನೆಗೆ ಬಂದಿದ್ದರು. ನಾಲ್ಕು ವರ್ಷ ಮಾದಾಪುರದ ಬಸ್ ತಂಗುದಾಣದ ಕಲ್ಲುಬೆಂಚಿನ ಮೇಲೆ ಕೂತು ಬಸ್ಸುಗಳ ಸದ್ದು ಗುರುತಿಸುವುದೊಂದೇ ಅವರ ಕೆಲಸವಾಗಿತ್ತು. ಮೋಕ್ಷಿತಾ ಆ ಬೆಂಚಿನಿಂದ ಎಬ್ಬಿಸಿ ಕರೆತಂದು ಓದುಮನೆಯ ಬೀಗದ ಕೈ ಕೊಟ್ಟಳು. ಬರಿಯ ಬೀಗದ ಕೈಯಲ್ಲ. ಕಂಪ್ಯೂಟರಿಗೆ, ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಧ್ವನಿಯನ್ನು ಹುಡುಕಿ ತಂದು, ತಾನೇ ವಾರಗಟ್ಟಲೆ ತಿದ್ದಿ ಕೂರಿಸಿದಳು. ಹೆಂಗಸಿನ ಧ್ವನಿ. ಬೊಳ್ಳಪ್ಪ ಅದಕ್ಕೆ ಇಟ್ಟ ಹೆಸರು ‘ಓದುಗಿತ್ತಿ’.

ಬೆಳಿಗ್ಗೆ ಓದುಗಿತ್ತಿ ಅವರ ಕಿವಿಗೆ ಪೇಪರು ಓದುವಳು. ಸಂಜೆ ನಾಲ್ಕೂವರೆಗೆ ಎಸ್ಟೇಟಿನ ಕೂಲಿಗಳ ಲೈನುಮನೆಗಳಿಂದ ಹೆಂಗಸರು ಬರುವರು; ಮಕ್ಕಳ ಶಾಲೆಯ ಸುತ್ತೋಲೆ, ಆಸ್ಪತ್ರೆಯ ಚೀಟಿ, ರೇಷನ್ ಕಾರ್ಡಿನ ಸಂದೇಶ. ಯಂತ್ರ ಬೊಳ್ಳಪ್ಪನ ಕಿವಿಯಲ್ಲಿ ಒಂದು ಸಾಲು ಹೇಳಿದರೆ ಅವರು ಆ ಸಾಲನ್ನು ಅಂಗಳಕ್ಕೆ ಕೇಳುವ ಹಾಗೆ, ತಿಳಿಯುವ ಹಾಗೆ ಹೇಳುವರು. ಎಲ್ಲ ಮುಗಿದ ಮೇಲೆ, ಸಮಯ ಉಳಿದರೆ, ಹಳೆಯ ಷಟ್ಪದಿ ಒಂದೆರಡು. ಯಂತ್ರ ಅದನ್ನೂ ನೋಟೀಸಿನ ಹಾಗೆಯೇ ಓದುವುದು. ಬೊಳ್ಳಪ್ಪ ಗದರುವರು: “ಇವಳಿಗೆ ಉಸಿರು ಎಲ್ಲಿ ಬಿಡೋದು ಅಂತ್ಲೇ ಗೊತ್ತಿಲ್ಲೆ. ದೇವರ ಹೆಸರಿನ ನಡುವೆ ಹೋಗಿ ನಿಲ್ತಾಳೆ!” ಗದರಿದ ಮೇಲೆ ಅದೇ ಪದ್ಯವನ್ನು ಅಜ್ಜಿಯಿಂದ ಕೇಳಿದ ಧಾಟಿಯಲ್ಲಿ ತಾವೇ ಹೇಳುವರು. ಬೆನ್ನಿನ ಚೀಲ ಇಳಿಸದೆ ಹೆಂಗಸರು ನಿಂತು ಕೇಳುವರು.

ಆ ಧ್ವನಿಯೇ ಗುರುವಾರ ಹೋಗಲಿತ್ತು.

ಸೋಮವಾರ ಮೈಸೂರಿನ ಮುಖ್ಯ ಕಚೇರಿಯಿಂದ ಚೈತನ್ಯ ಫೋನು ಮಾಡಿದ. ರಾಜ್ಯದ ಮುನ್ನೂರು ಓದುಮನೆಗಳ ಕಂಪ್ಯೂಟರುಗಳನ್ನು ಕೂತಲ್ಲಿಂದ ನಡೆಸುವವನು ಅವನು. ಮಿಷನ್ನಿನೊಳಗಿನ ಇಡೀ ವ್ಯವಸ್ಥೆಯನ್ನು ಅಲ್ಲೇ ಸಿದ್ಧಮಾಡಿ, ಇಮೇಜ್ ಎಂಬ ಒಂದೇ ಗಂಟಾಗಿ ಕಟ್ಟಿ, ನೆಟ್ಟಿನ ಮೂಲಕ ಎಲ್ಲ ಕಡೆಗೂ ಇಳಿಸುತ್ತಿದ್ದ. ಓದುಮನೆಗಳು ಊಟಕ್ಕೆ ಬಾಗಿಲು ಹಾಕುವ ಎರಡರಿಂದ ಮೂರು ಗಂಟೆ, ಇಮೇಜು ಇಳಿಯುವ ಹೊತ್ತು.

“ಮೋಕ್ಷಿತಾ ಅವರೇ, ಈ ಗುರುವಾರ ಹೊಸ ಇಮೇಜು. ಇನ್ಮೇಲೆ ಮುನ್ನೂರಕ್ಕೂ ಒಂದೇ ಪ್ರತಿ. ಅಲ್ಲಲ್ಲಿ ನೀವುಗಳು ಸೇರಿಸ್ಕೊಂಡಿರೋದೆಲ್ಲ ಅಳಿಸಿ ಹೋಗುತ್ತೆ.”

“ಮಾದಾಪುರದ ಧ್ವನಿ ಸರ್?”

“ಅದೂ ಅಷ್ಟೇ ರೀ. ಪಟ್ಟಿಯಲ್ಲಿಲ್ಲ.”

“ಅಲ್ಲಿ ನೋಡಿಕೊಳ್ಳೋರಿಗೆ ಕಣ್ಣು ಕಾಣಲ್ಲ. ಮೂರು ಸಲ ಮೇಲ್ ಹಾಕಿದ್ದೀನಿ.”

“ನೋಡಿದೆ. ಬೇರೆ ಜಿಲ್ಲೆಯಲ್ಲಿ ಯಾರೋ ಏನೋ ಸೇರಿಸೋಕೆ ಹೋಗಿ ನಲವತ್ತು ಮಿಷನ್ನಿಗೆ ವೈರಸ್ ಬಂತು, ನನ್ನ ಕುತ್ತಿಗೆಗೆ ಬಂದಿತ್ತು. ಒಬ್ಬರಿಗೆ ವಿನಾಯಿತಿ ಕೊಟ್ಟರೆ ಮುನ್ನೂರು ಜನ ಕೇಳ್ತಾರೆ. ಕಣ್ಣು ಕಾಣೋರು ಯಾರನ್ನಾದರೂ ಅಲ್ಲಿಗೆ ಹಾಕ್ಕೊಳ್ಳಿ.”

ಮೋಕ್ಷಿತಾಳ ಪರದೆಯಲ್ಲಿ ಜಿಲ್ಲೆಯ ಒಪ್ಪಿಗೆ ಕೇಳುವ ಗುಂಡಿ ಮಿನುಗುತ್ತಿತ್ತು. ಕೆಳಗೆ ರಸ್ತೆಯಲ್ಲಿ ಸೋಮವಾರಪೇಟೆಯ ಬಸ್ಸಿಗೆ ಯಾರೋ ಕೂಗುತ್ತಿದ್ದರು.

“ನಾನು ಒಪ್ಪಿಗೆ ಗುಂಡಿ ಒತ್ತಲ್ಲ ಸರ್.”

“ನೀವು ಒತ್ತಬೇಕಾಗಿಲ್ಲ” ಎಂದ ಚೈತನ್ಯ, ಸಿಟ್ಟಿಲ್ಲದೆ, ದಣಿದವನ ಹಾಗೆ. “ಗುರುವಾರ ಎರಡು ಗಂಟೆಗೆ ಇಲ್ಲಿಂದ ನಾನೇ ಒತ್ತುತೀನಿ. ಮಿಷನ್ನುಗಳು ಆನ್ ಇರಲಿ, ಸಾಕು. ನಿಮ್ಮ ಜಿಲ್ಲೆಯವು ಯಾವಾಗ ನೋಡಿದರೂ ಆಫ್ ಇರುತ್ತವೆ.”

ಮಂಗಳವಾರ ಅವಳು ಮಾದಾಪುರಕ್ಕೆ ಹೋದಳು. ಬಸ್ಸಿನಿಂದ ಇಳಿದು ಮೆಟ್ಟಿಲು ಹತ್ತುವಾಗಲೇ ಒಳಗಿನಿಂದ ಬೊಳ್ಳಪ್ಪನ ಅರೆಭಾಷೆ ಬೆರೆತ ಮಾತು ಬಂತು; ಹುಡುಗಿ ಎನ್ನುವುದಕ್ಕೆ ಅವರ ಬಾಯಲ್ಲಿ ‘ಗೂಡೆ’.

“ಎಂಥ ಗೂಡೆ, ಚಪ್ಪಲಿ ಎಳೀತಾ ಬರ್ತಿದ್ದಿ? ಕೆಟ್ಟ ಸುದ್ದಿ ಉಟ್ಟಾ?”

ಅವಳು ಎಲ್ಲ ಹೇಳಿದಳು. ಬೊಳ್ಳಪ್ಪ ಇಯರ್‌ಫೋನು ತೆಗೆದು, ವೈರನ್ನು ಬೆರಳಿಗೆ ಸುತ್ತುತ್ತಾ ಕೇಳಿದರು.

“ಅಂದ್ರೆ ಹಳೇ ತೋಟ ಪೂರ್ತಿ ಕಿತ್ತು ಒಂದೇ ಜಾತಿ ಗಿಡ ಹಾಕೋದು.”

“ಹಾಗೇ ಮಾವ.”

“ನೆರಳಿನ ಮರ?”

“ಅದನ್ನೂ ಬಿಡಲ್ಲ.”

“ನಮ್ಮ ಒಬ್ಬ ಮ್ಯಾನೇಜರು ಹಾಗೇ ಮಾಡ್ಸಿದ್ದ. ಎರಡೇ ಬೇಸಿಗೆ, ಗಿಡ ಎಲ್ಲ ಕರಟಿ ಹೋಯ್ತು. ಆಮೇಲೆ ಮರ ನೆಡಿ ಅಂತ ನಂಗೇ ಬರ್ಸಿದ.” ಅವರು ನಕ್ಕರು. ನಗೆ ಅರ್ಧಕ್ಕೆ ನಿಂತಿತು. “ಮತ್ತೆ ನಾನು ಆ ಬೆಂಚಿಗೆ ಹೋಗ್ಬೇಕಾ?”

“ಹೋಗಬೇಡಿ. ನಂಗೊಂದು ದಾರಿ ಕಾಣ್ತಿದೆ. ಮಿಷನ್ನು ಎರಡರಿಂದ ಮೂರರವರೆಗೆ ಆಫ್ ಇದ್ದರೆ ಇಮೇಜು ಇಳಿಯೋಲ್ಲ. ಆದರೆ ಇದೊಂದೇ ಆಫ್ ಆಗಿದ್ದರೆ ಮಾರನೇ ದಿನನೇ ನಿಮ್ಮನ್ನು ತೆಗೀತಾರೆ. ಹನ್ನೊಂದೂ ಆಫ್ ಆಗಬೇಕು. ನೀವು ಗುರುವಾರ ಎರಡಕ್ಕೆ ಐದು ನಿಮಿಷ ಇರುವಾಗ ಗುಂಪಿಗೆ ಒಂದು ‘ಗುಡುಗು’ ಹಾಕಿ ಮಾವ. ನೀವು ಹಾಕಿದರೆ ಯಾರೂ ಯಾಕೆ ಅಂತ ಕೇಳಲ್ಲ. ಕಚೇರಿಯವರಿಗೂ ಸಿಡಿಲಿಗೆ ತೆಗೆದ್ವಿ ಅಂತ ಹೇಳಬಹುದು.”

ಬೊಳ್ಳಪ್ಪನ ಬೆರಳು ನಿಂತಿತು.

“ಗುಡುಗು ಇಲ್ಲದಿದ್ರೆ?”

“ಇಲ್ಲದಿದ್ದರೂ.”

“ಆಗದು.”

“ಮಾವ, ಇದು ನಿಮಗೋಸ್ಕರ...”

“ನಂಗೋಸ್ಕರ ಅಂತ ಗೊತ್ತುಟ್ಟು.” ಅವರು ಕುರ್ಚಿಯಲ್ಲಿ ನೆಟ್ಟಗಾದರು. “ಕೇಳು ಗೂಡೆ. ಕಣ್ಣು ಹೋದ ಮೇಲೆ ನನ್ನ ಸಹಿ ಅಂತ ಉಳಿದದ್ದು ಈ ಕಿವಿ ಒಂದೇ. ಅಜ್ಜಿ ಪದ್ಯ ಹೇಳ್ಕೊಡುವಾಗ ಒಂದಕ್ಷರ ನಾನು ಊಹೆ ಮಾಡಿ ಹೇಳಿದ್ರೆ ತಲೆ ಮೇಲೆ ಕುಟ್ಟೋಳು. ‘ಕೇಳಿದ್ದನ್ನ ಹೇಳು, ಕೇಳದ್ದನ್ನ ಹೇಳ್ಬೇಡ, ದೇವರ ಮುಂದೆ ಕೂತಿದ್ದೀ’ ಅಂತ. ಕೇಳದ ಗುಡುಗನ್ನ ಕೇಳಿದೆ ಅಂತ ನಾನು ಹೇಳೋದಿಲ್ಲ. ಓದುಗಿತ್ತಿ ಹೋದ್ರೆ ಹೋಗ್ಲಿ.”

“ಹಾಗಾದರೆ ಸುಮ್ಮನೆ ಬಿಟ್ಟುಕೊಡೋದಾ?”

“ಬಿಟ್ಟುಕೊಡು ಅಂದ್ನಾ ನಾನು? ಸುಳ್ಳು ಬೇಡ ಅಂದೆ. ಬೇಡ ಅನ್ನೋಕೆ ಗುಡುಗಿನ ಮರೆ ಯಾಕೆ ಬೇಕು? ಬೇಡ ಅಂದ್ರೆ ಬೇಡ. ಹಾಗಂತಲೇ ಹೇಳು.”

ಮೋಕ್ಷಿತಾಗೆ ಮುಖಕ್ಕೆ ಹೊಡೆದ ಹಾಗಾಯಿತು. ತಾನು ಜಾಣತನವೆಂದು ಬಸ್ಸಿನುದ್ದಕ್ಕೂ ಹೆಣೆದುಕೊಂಡು ಬಂದದ್ದು ಹೆದರಿಕೆಯೆಂದು ಆ ಮನುಷ್ಯ ನೋಡದೆಯೇ ಕಂಡುಬಿಟ್ಟಿದ್ದರು.

ಅವತ್ತು ಸಂಜೆಯಿಂದ ಬುಧವಾರ ಸಂಜೆಯವರೆಗೆ ಅವಳು ಸುಂಟಿಕೊಪ್ಪದ ಕೋಣೆಯಿಂದ ಏಳಲಿಲ್ಲ. ಚೈತನ್ಯ ಕಳಿಸಲಿದ್ದ ಹೊಸ ಇಮೇಜಿನ, ಪರೀಕ್ಷೆಗೆಂದು ಮೊದಲೇ ಬಂದಿದ್ದ ಪ್ರತಿಯನ್ನೇ ತೆಗೆದುಕೊಂಡು, ಅವನ ಒಂದು ಸಾಲನ್ನೂ ಕದಲಿಸದೆ, ಓದುವ ಧ್ವನಿಯನ್ನು ಅದರೊಳಗೇ ಕಟ್ಟಿದಳು. ಎರಡು ಸಲ ಕೆಟ್ಟಿತು. ಮೂರನೆಯ ಸಲ ಕೋಣೆಯ ಹಳೆಯ ಕಂಪ್ಯೂಟರು ಎದ್ದು ‘ನಮಸ್ಕಾರ’ ಎಂದಿತು. ಅದನ್ನೊಂದು ಪೆನ್‌ಡ್ರೈವಿಗೆ ಹಾಕಿ, ಅಮ್ಮ ಕೊಟ್ಟಿದ್ದ ತಲಕಾವೇರಿಯ ಕುಂಕುಮದ ಪೊಟ್ಟಣದ ಜೊತೆ ಬ್ಯಾಗಿನ ಒಳಜೇಬಿಗೆ ಸೇರಿಸಿದಳು. ಚೈತನ್ಯನಿಗೂ ಒಂದು ಪ್ರತಿ ಕಳಿಸಿದಳು. ‘ಈ ಬಾರಿ ಸಾಧ್ಯವಿಲ್ಲ’ ಎಂದು ಒಂದು ಸಾಲಿನ ಉತ್ತರ ಬಂತು.

ಗುರುವಾರ ಆಕಾಶ ತೊಳೆದಿಟ್ಟ ಹಾಗಿತ್ತು. ಮೋಡದ ಒಂದು ಚೂರೂ ಇಲ್ಲ. ಒಂದೂವರೆಗೆ ಮೋಕ್ಷಿತಾ ಗುಂಪಿನಲ್ಲಿ ಬರೆದಳು, ಬೊಳ್ಳಪ್ಪನಿಗಾಗಿ ಅದನ್ನೇ ಧ್ವನಿಯಲ್ಲೂ ಹಾಕಿದಳು:

‘ಇದು ಗುಡುಗಲ್ಲ. ಎರಡು ಗಂಟೆಗೆ ಹೊಸ ಇಮೇಜು ಇಳಿಯುತ್ತದೆ. ಇಳಿದರೆ ಬೊಳ್ಳಪ್ಪ ಮಾವನ ಓದುವ ಧ್ವನಿ ಅಳಿಸಿ ಹೋಗುತ್ತದೆ. ಧ್ವನಿ ಇರುವ ಇಮೇಜು ಮಾಡಿ ಕಳಿಸಿದೆ, ಒಪ್ಪಲಿಲ್ಲ. ಎರಡರಿಂದ ಮೂರರವರೆಗೆ ನನ್ನ ಮಿಷನ್ನಿನ ಪ್ಲಗ್ಗು ಹೊರಗಿರುತ್ತದೆ. ಕಚೇರಿಗೆ ಕಾರಣ ಕೇಳಿದರೆ ನಿಜವನ್ನೇ ಹೇಳುತ್ತೇನೆ. ನಿಮ್ಮದು ನಿಮ್ಮ ಇಷ್ಟ. ಕೆಲಸಕ್ಕೆ ಕುತ್ತು ಬರಬಹುದು.’

ಲ್ಯಾಪ್‌ಟಾಪಿನ ಪರದೆಯಲ್ಲಿ ಹನ್ನೊಂದು ಹಸಿರು ಚುಕ್ಕಿಗಳು ಸಾಲಾಗಿ ಉರಿಯುತ್ತಿದ್ದವು, ಒಂದೊಂದು ಚುಕ್ಕಿ ಒಂದೊಂದು ಊರು. ಅವಳು ಎದ್ದು ತನ್ನ ಪ್ಲಗ್ಗು ಕಿತ್ತಳು. ಒಂದು ಚುಕ್ಕಿ ಬೂದಿಯಾಯಿತು. ಮಾದಾಪುರದ್ದು ಅದರ ಹಿಂದೆಯೇ.

ಫೋನು ಹೊಡೆದುಕೊಂಡಿತು. ನಿಂಗಮ್ಮ.

“ಏನವ್ವ ಮೋಕ್ಷಿತಾ, ಜಲ್ಲಿ ಸದ್ದಿಗೇ ಪ್ಲಗ್ಗು ಕಿತ್ತೋಳು ನಾನು, ಇದಕ್ಕೆ ಕೀಳಲ್ವಾ? ಕೆಲಸ ಹೋದ್ರೆ ಹೋಗ್ಲಿ ಕಣವ್ವ, ನಮ್ಮ ಗದ್ದೇಲಿ ಶುಂಠಿ ಕೀಳೋಕೆ ಆಳು ಸಿಕ್ತಿಲ್ಲ, ನೀನೂ ಬಂದ್ಬಿಡು. ತಗೋ, ಕಿತ್ತೆ!”

ಮೂರು. ಆಮೇಲೆ ಒಂದೊಂದಾಗಿ ‘ತೆಗೆದೆ’, ‘ತೆಗೆದೆ’. ಎರಡಕ್ಕೆ ಐದು ನಿಮಿಷ ಇರುವಾಗ ಎಂಟು ಬೂದಿ, ಮೂರು ಹಸಿರು. ಎರಡಕ್ಕೆ ಎರಡು ನಿಮಿಷ ಇರುವಾಗ ಒಂದೇ ಹಸಿರು ಉಳಿಯಿತು, ವಿರಾಜಪೇಟೆ. ಅಲ್ಲಿನ ರಾಜು ಯಾವ ಗಲಾಟೆಗೂ ಹೋಗುವವನಲ್ಲ. ಮದುವೆಯಾಗಿ ಇನ್ನೂ ಎರಡು ತಿಂಗಳು. ಮೋಕ್ಷಿತಾ ಅವನಿಗೆ ಫೋನು ಮಾಡಲಿಲ್ಲ. ಅವನ ಇಷ್ಟ ಎಂದು ಬರೆದಾಗಿತ್ತು.

ಎರಡಕ್ಕೆ ಸರಿಯಾಗಿ ಆ ಚುಕ್ಕಿಯೂ ಆರಿತು. ಅದರ ಹಿಂದೆ, ಅವಳನ್ನು ಮಲಯಾಳದಲ್ಲಿ ಅಕ್ಕ ಎಂದೇ ಕರೆಯುವ ರಾಜುವಿನ ಏದುಸಿರಿನ ಧ್ವನಿ: “ಚೇಚೀ, ಸಾರಿ. ಒಬ್ಬರು ಅಜ್ಜಿಯ ಪೆನ್ಶನ್ ಫಾರಂ ಪ್ರಿಂಟಲ್ಲಿ ಸಿಕ್ಕಿತ್ತು. ಅದು ಹೊರಗೆ ಬರದೆ ನಾನು ಹೇಗೆ ತೆಗೀಲಿ?”

ಎರಡು ಗಂಟೆ ಏಳು ನಿಮಿಷಕ್ಕೆ ಮೈಸೂರಿನಿಂದ ಫೋನು.

“ಏನ್ರೀ ಇದು, ಹನ್ನೊಂದೂ ಆಫ್? ಇಡೀ ಜಿಲ್ಲೆಗೆ ಗುಡುಗಾ?”

“ಇಲ್ಲ ಸರ್. ಚೆನ್ನಾಗಿ ಬಿಸಿಲಿದೆ.”

“ಮತ್ತೆ?”

“ನಾವೇ ತೆಗೆದಿದ್ದೀವಿ. ಮೂರು ಗಂಟೆಗೆ ಹಾಕ್ತೀವಿ. ನಾಳೆನೂ ಎರಡು ಗಂಟೆಗೆ ತೆಗೀತೀವಿ. ಧ್ವನಿ ಇರೋ ಇಮೇಜು ಕಳಿಸಿದ ದಿನ ತೆಗೆಯಲ್ಲ.”

“ನೋಟೀಸು ಬರುತ್ತೆ ನಿಮಗೆ.”

“ಬರಲಿ ಸರ್.”

ಶುಕ್ರವಾರ ನೋಟೀಸು ಬಂತು: ತಪ್ಪೊಪ್ಪಿಗೆ ಬರೆದುಕೊಡದಿದ್ದರೆ ಕ್ರಮ ಕೈಗೊಳ್ಳಲಾಗುವುದು. ಶುಕ್ರವಾರ ಎರಡು ಗಂಟೆಗೂ ಹನ್ನೊಂದು ಪ್ಲಗ್ಗು ಹೊರಗೆ ಬಂದವು.

ಶನಿವಾರ ಚೈತನ್ಯ ತಾನೇ ಕಾರು ಹತ್ತಿ ಬಂದ. ದೂರದಿಂದ ಇಳಿಯದ ಇಮೇಜನ್ನು ಪೆನ್‌ಡ್ರೈವಿನಲ್ಲಿ ತಂದಿದ್ದ. ಮೊದಲು ಮಾದಾಪುರ, ಆಮೇಲೆ ಉಳಿದ ಹತ್ತು ಎಂದು ಲೆಕ್ಕ. ಕಾರು ಸುಂಟಿಕೊಪ್ಪ ದಾಟುವುದನ್ನು ಕಂಡ ಮೋಕ್ಷಿತಾ ಬ್ಯಾಗೆತ್ತಿಕೊಂಡು ಹಿಂದಿನ ಬಸ್ಸಿಗೆ ಓಡಿದಳು. ಅವಳು ಓದುಮನೆ ತಲುಪುವಾಗ ಅವನು ಆಗಲೇ ಮೇಜಿನ ಮುಂದೆ ಕೂತಿದ್ದ. ಬೊಳ್ಳಪ್ಪ ಪಕ್ಕದ ಸ್ಟೂಲಿನ ಮೇಲೆ, ಅತಿಥಿಗೆ ಕುರ್ಚಿ ಬಿಟ್ಟುಕೊಟ್ಟವರ ಹಾಗೆ.

“ಬನ್ನಿ ಮೋಕ್ಷಿತಾ” ಎಂದ ಚೈತನ್ಯ ತಿರುಗದೆ. “ಇವರು ಅಡ್ಡಿ ಮಾಡಲಿಲ್ಲ. ಕಾಫಿ ಕೊಟ್ಟರು.”

“ಮನೆಗೆ ಬಂದವರಿಗೆ ಕಾಫಿ ಕೊಡದೆ ಇರ್ತಾರಾ?” ಎಂದರು ಬೊಳ್ಳಪ್ಪ. “ಅಡ್ಡ ಬಂದು ನಿಲ್ಲೋಕೆ ನನಗೆ ನಿಮ್ಮ ಕೈ ಎಲ್ಲುಂಟು ಅಂತ ಕಾಣೋದಿಲ್ಲ ಸರ್. ಆದ್ರೆ ನಾನು ಒಪ್ಪಿದ್ದೇನೆ ಅಂತ ತಿಳ್ಕೊಳ್ಬೇಡಿ. ನಾನು ಒಪ್ಪಲಿಲ್ಲ.”

ಪರದೆಯ ಮೇಲೆ ನೀಲಿ ಪಟ್ಟಿ ನಿಧಾನವಾಗಿ ತುಂಬುತ್ತಿತ್ತು. ಆ ಮಿಷನ್ನಿನ ಡಿಸ್ಕಿನಲ್ಲಿ ಎರಡು ಕೋಣೆಗಳಿದ್ದ ಹಾಗೆ: ಹಳೆಯದು ಒಂದರಲ್ಲಿ ಇರುವಾಗಲೇ ಹೊಸದು ಇನ್ನೊಂದರಲ್ಲಿ ಬಂದು ಕೂರುವುದು, ಪೂರ್ತಿ ಕೂತ ಮೇಲೆಯೇ ಹಳೆಯದಕ್ಕೆ ಬೀಗ. ಪಟ್ಟಿ ಅರ್ಧ ದಾಟಿತು. ಮೋಕ್ಷಿತಾ ಬಾಗಿಲಿನಲ್ಲೇ ನಿಂತಳು. ಹೊರಗೆ ಬಿಸಿಲು ಕಾಫಿ ಗಿಡದ ಎಲೆಗಳ ಮೇಲೆ ಹೊಳೆಯುತ್ತಿತ್ತು.

ಬೊಳ್ಳಪ್ಪ ತಟ್ಟನೆ ತಲೆ ಓರೆ ಮಾಡಿದರು.

“ಗುಡುಗು” ಎಂದರು.

ಚೈತನ್ಯ ಕಿಟಕಿಯ ಕಡೆ ನೋಡಿ ನಕ್ಕ. “ಅದೇ ಆಟ ನನ್ನ ಮುಂದೆನೂನಾ?”

ಬೊಳ್ಳಪ್ಪ ಆಗಲೇ ಫೋನು ಬಾಯಿಗೆ ಹಿಡಿದಿದ್ದರು. “ಗುಡುಗು. ಮಾದಾಪುರ. ಸೋಮವಾರಪೇಟೆ ಕಡೆಯಿಂದ.” ಮೋಕ್ಷಿತಾ ಕಿವಿಗೊಟ್ಟಳು. ಅವಳಿಗೆ ಜೀರುಂಡೆ ಬಿಟ್ಟರೆ ಏನೂ ಕೇಳಿಸಲಿಲ್ಲ. ಆದರೂ ಫೋನು ಒಂದೇ ಸಮನೆ ಮಿಡಿಯಿತು: ತೆಗೆದೆ. ತೆಗೆದೆ. ತೆಗೆದೆ. ಹತ್ತಕ್ಕೆ ಹತ್ತು. ಸುಂಟಿಕೊಪ್ಪದ ಕೋಣೆಯದನ್ನು ಕೆಳಗಿನ ಅಂಗಡಿಯವರು ಹತ್ತಿ ಹೋಗಿ ತೆಗೆದಿದ್ದರು.

“ನೋಡಿ, ಹೀಗೆ ಗುರುವಾರನೂ ಗುಡುಗು ಅಂತ ಹಾಕಿಯೇ...”

“ಇಲ್ಲ ಸರ್.” ಮೋಕ್ಷಿತಾ ಗುರುವಾರದ ತನ್ನ ಸಂದೇಶವನ್ನು ತೆರೆದು ಅವನ ಕಣ್ಣ ಮುಂದೆ ಹಿಡಿದಳು. “ಗುಡುಗು ಅಂತ ಹಾಕಿ ಅಂತ ನಾನೇ ಕೇಳಿದ್ದೆ. ಇವರು ಒಪ್ಪಲಿಲ್ಲ. ಓದಿ.”

ಅವನು ಓದಿದ. ‘ಇದು ಗುಡುಗಲ್ಲ’ ಎಂಬಲ್ಲಿಗೆ ಅವನ ಕಣ್ಣು ಹಿಂತಿರುಗಿ ಬಂತು.

“ಸರ್, ಪ್ಲಗ್ಗು ತೆಗೀರಿ” ಎಂದರು ಬೊಳ್ಳಪ್ಪ.

“ಎಂಟೇ ನಿಮಿಷ ಇದೆ.”

“ಅದು ಎಂಟು ನಿಮಿಷ ಕಾಯೋಲ್ಲ.”

“ನಾನು ಹೇಳ್ತಿದ್ದೀನಿ, ಮುಟ್ಟಬೇಡಿ.”

ಬೊಳ್ಳಪ್ಪ ಎದ್ದರು. ಮೇಜಿನ ಅಂಚು ಹಿಡಿದು ಎರಡು ಹೆಜ್ಜೆ, ಗೋಡೆ ಸವರಿ ಒಂದು ಗೇಣು. ಮೂರು ವರ್ಷದ ಅಭ್ಯಾಸದ ಕೈ. “ನಿಮ್ಮ ಮಾತಿಗೆ ಮರ್ಯಾದೆ ಉಂಟು ಸರ್. ನಿಮ್ಮ ಇಮೇಜಿಗೆ ಬೇಡ ಅಂದೆ, ಆದ್ರೂ ಮುಟ್ಲಿಲ್ಲ. ಈಗ ಕೇಳಿಸ್ತಾ ಉಂಟು, ಮುಟ್ತೇನೆ.” ಪ್ಲಗ್ಗು ಹೊರಬಂತು. ಪರದೆ ಕಪ್ಪಾಯಿತು.

ಚೈತನ್ಯ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ, ಬಾಯಿ ತೆರೆದ. ಅವನು ಏನು ಹೇಳಲಿದ್ದನೋ ಯಾರಿಗೂ ತಿಳಿಯಲಿಲ್ಲ. ಬೆಟ್ಟದ ಹಿಂದಿನಿಂದ ಈಗ ಎಲ್ಲರಿಗೂ ಕೇಳುವ ಹಾಗೆ ಉರುಳಿತು. ಅಂಗಳದ ಬಿಸಿಲು ಯಾರೋ ಕಂಬಳಿ ಹೊದಿಸಿದ ಹಾಗೆ ಮುಚ್ಚಿತು. ಮೂರನೆಯ ಗುಡುಗಿನ ಜೊತೆಗೇ ಎಲ್ಲೋ ಹತ್ತಿರದಲ್ಲಿ ಸಿಡಿಲು ಬಡಿದು, ಪ್ಲಗ್ಗಿಲ್ಲದ ಸಾಕೆಟ್ಟಿನ ಬಾಯಿಯಲ್ಲಿ ನೀಲಿ ಕಿಡಿಯೊಂದು ಚಟ್ಟೆಂದು ಹಾರಿತು. ಕರೆಂಟು ಹೋಯಿತು.

ಚೈತನ್ಯ ಆ ಸಾಕೆಟ್ಟನ್ನೇ ನೋಡುತ್ತಾ ಮೆಲ್ಲನೆ ಕೂತ.

ಮೆಣಸು ಕೊಯ್ಯುತ್ತಿದ್ದ ಹೆಂಗಸರು ಐದಾರು ಜನ ಮಳೆಗೆ ತಲೆಯ ಮೇಲೆ ಚೀಲ ಹೊದ್ದು ಓಡಿ ಬಂದು ಜಗಲಿ ಸೇರಿದರು. ಅವರಲ್ಲಿ ಒಬ್ಬಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನು ಮುಂದೆ ಮಾಡಿದಳು. “ರೈಟ್ರೇ, ಮಗಳ ಹಾಸ್ಟೆಲಿಂದ ಏನೋ ಬಂದಿದೆ. ಇವತ್ತೇ ಕಡೇ ದಿನ ಅಂತೆ.”

“ಓದುಗಿತ್ತಿ ಮಲಗಿದ್ದಾಳಲ್ಲ ತಾಯೀ” ಎಂದರು ಬೊಳ್ಳಪ್ಪ. ಆಮೇಲೆ ಚೈತನ್ಯನ ಕಡೆ ತಿರುಗಿದರು. “ಸರ್, ಇವತ್ತು ಅವಳ ಕೆಲಸ ನೀವು ಮಾಡಿ.”

ಅವನು ಹಿಂದೆಮುಂದೆ ನೋಡಿ ಫೋನು ತೆಗೆದುಕೊಂಡ. “ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ವಿದ್ಯಾರ್ಥಿನಿಲಯಕ್ಕೆ ಪ್ರವೇಶ ಬಯಸುವ ಅರ್ಹ ವಿದ್ಯಾರ್ಥಿಗಳ ಪೋಷಕರು ಅಗತ್ಯ ದಾಖಲಾತಿಗಳೊಂದಿಗೆ...”

“ನಿಲ್ಲಿ, ನಿಲ್ಲಿ. ನಿಮಗೂ ಉಸಿರು ಬಿಡೋಕೆ ಬರೋಲ್ಲ!” ಹೆಂಗಸರು ನಕ್ಕರು. “ಸಾಲು ಸಾಲಾಗಿ ಹೇಳಿ.” ಅವನು ಒಂದು ಸಾಲು ಹೇಳಿದ. ಬೊಳ್ಳಪ್ಪ ಅದನ್ನು ಕಿವಿಯಲ್ಲಿ ಇಟ್ಟುಕೊಂಡು, ಅವಳ ಕಡೆ ತಿರುಗಿ, “ಮಗಳಿಗೆ ಹಾಸ್ಟೆಲು ಬೇಕು ಅಂದ್ರೆ ಮೂರು ಕಾಗದ ಬೇಕು” ಎಂದು ಬೆರಳು ಮಡಿಸತೊಡಗಿದರು. ಹೀಗೆ ಮೂವರ ಸಂದೇಶ ಆಯಿತು. ಮೂರನೆಯದನ್ನು ಓದುವಾಗ ಚೈತನ್ಯ ಕೆಮ್ಮತೊಡಗಿದ. ಒಬ್ಬಳು ಹೆಂಗಸು ತನ್ನ ಬಾಟಲಿಯ ನೀರು ಕೊಟ್ಟಳು.

ಮಳೆ ನಿಂತ ಮೇಲೆ ಮೋಕ್ಷಿತಾ ತನ್ನ ಪೆನ್‌ಡ್ರೈವನ್ನು ತೆಗೆದು ಮೇಜಿನ ಮೇಲಿಟ್ಟಳು. ಅದಕ್ಕೆ ಕುಂಕುಮ ಮೆತ್ತಿತ್ತು.

“ಮುನ್ನೂರಕ್ಕೂ ಒಂದೇ ಪ್ರತಿ ಅಂದ್ರಿ. ನಂಗೆ ವಿನಾಯಿತಿ ಬೇಡ ಸರ್. ಒಂದೇ ಪ್ರತಿ ಇರಲಿ, ಅದರೊಳಗೆ ಧ್ವನಿ ಇರಲಿ. ಮುನ್ನೂರಕ್ಕೂ ಹೋಗಲಿ. ನಿಮ್ಮದನ್ನ ಒಂದಕ್ಷರನೂ ಮುಟ್ಟಿಲ್ಲ, ಪರೀಕ್ಷೆ ಮಾಡ್ಕೊಳ್ಳಿ.”

“ಇಮೇಜು ದೊಡ್ಡದಾಗುತ್ತೆ. ಇಳಿಯೋಕೆ ಹೊತ್ತು ಜಾಸ್ತಿ.”

“ಹೊತ್ತು ತಗೊಳ್ಳಲಿ. ನಾವು ಪ್ಲಗ್ಗು ತೆಗೆಯೋಲ್ಲ.” ಒಂದು ಕ್ಷಣ ತಡೆದಳು. “ಗುಡುಗು ಬಂದರೆ ತೆಗೀತೀವಿ. ಅದನ್ನು ನೀವು ಹೇಳಿದರೂ ಬಿಡಲ್ಲ.”

ಚೈತನ್ಯ ಪೆನ್‌ಡ್ರೈವನ್ನು ಬೆರಳಲ್ಲಿ ತಿರುಗಿಸಿದ. “ಇದು ನನ್ನೊಬ್ಬನ ಸಹಿ ಅಲ್ಲ ರೀ. ಮೇಲೆ ಕೇಳಬೇಕು. ನೋಟೀಸಿಗೆ ಏನು ಬರೀತೀರಿ? ತಪ್ಪೊಪ್ಪಿಗೆ ಕೊಟ್ಟುಬಿಡಿ, ನನಗೂ ಸುಲಭ.”

“ತಪ್ಪು ಮಾಡಿಲ್ಲ. ಬರೆಯಲ್ಲ.”

“ಹಟ ಜಾಸ್ತಿ ನಿಮಗೆ.”

“ಅವಳಿಗೆ ಮಂಗಳವಾರದವರೆಗೆ ಇಷ್ಟು ಇರ್ಲಿಲ್ಲ ಸರ್” ಎಂದರು ಬೊಳ್ಳಪ್ಪ.

ಅವನು ಎರಡು ಪೆನ್‌ಡ್ರೈವನ್ನೂ ಜೇಬಿಗೆ ಹಾಕಿಕೊಂಡು ಹೋದ. ಉಳಿದ ಹತ್ತು ಊರಿಗೆ ಹೋಗಲಿಲ್ಲ. ಹೂಂ ಎಂದೂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಸೋಮವಾರ ಎರಡು ಗಂಟೆಗೆ ಹನ್ನೊಂದು ಪ್ಲಗ್ಗು ಹೊರಗೆ ಬಂದವು. ಮಂಗಳವಾರವೂ. ಮೋಕ್ಷಿತಾ ನೋಟೀಸಿಗೆ ಒಂದೇ ಸಾಲಿನ ಉತ್ತರ ಕಳಿಸಿದಳು: ‘ನಾನೇ ತೆಗೆಸಿದ್ದು, ಕಾರಣ ಆ ದಿನವೇ ಹೇಳಿದ್ದೇನೆ.’ ಸಂಬಳ ತಡೆಹಿಡಿಯಲಾಗಿದೆ ಎಂದು ಮರುಉತ್ತರ ಬಂತು. ಗುಂಪಿನಲ್ಲಿ ಅವಳು ಅದನ್ನು ಹೇಳಲಿಲ್ಲ. ಹೇಗೋ ತಿಳಿದು ನಿಂಗಮ್ಮ ಬಸ್ಸಿನಲ್ಲಿ ಒಂದು ಚೀಲ ಅಕ್ಕಿ ಕಳಿಸಿದಳು, ಜೊತೆಗೊಂದು ಶುಂಠಿ ಗಡ್ಡೆ.

ಚೈತನ್ಯ ಬಂದು ಹೋದ ಒಂಬತ್ತನೆಯ ದಿನ, ಸೋಮವಾರ, ಬೆಳಿಗ್ಗೆ ಮೈಸೂರಿನಿಂದ ಒಂದು ಸುತ್ತೋಲೆ ಬಂತು. ಅದರಲ್ಲಿ ಮಾದಾಪುರದ ಹೆಸರಾಗಲಿ ಮೋಕ್ಷಿತಾಳ ಹೆಸರಾಗಲಿ ಇರಲಿಲ್ಲ. ‘ಪರಿಷ್ಕೃತ ಇಮೇಜಿನಲ್ಲಿ ಕನ್ನಡ ಓದುವ ಧ್ವನಿಯನ್ನು ಅಳವಡಿಸಲಾಗಿದೆ, ಎಲ್ಲ ಕೇಂದ್ರಗಳಿಗೂ ಅನ್ವಯಿಸುತ್ತದೆ.’ ಕೆಳಗೆ ಇನ್ನೊಂದು ಸಾಲು: ‘ಕೊಡಗು ಜಿಲ್ಲೆಯ ಕೇಂದ್ರಗಳು ಗುಡುಗಿನ ಸಮಯದಲ್ಲಿ ವಿದ್ಯುತ್ ಸಂಪರ್ಕ ಕಡಿತಗೊಳಿಸುವುದು.’ ನಾವು ಮಾಡುತ್ತಿದ್ದುದನ್ನೇ ನಮಗೆ ಆಜ್ಞೆ ಮಾಡಿದ್ದಾರೆ ಎಂದು ರಾಜು ಗುಂಪಿನಲ್ಲಿ ನಕ್ಕ. ನೋಟೀಸು ಮಾತ್ರ ವಾಪಸಾಗಲಿಲ್ಲ. ಅದು ಅವಳ ಫೈಲಿನಲ್ಲಿ ಹಾಗೆಯೇ ಉಳಿಯಿತು, ತಪ್ಪೊಪ್ಪಿಗೆಯಿಲ್ಲದೆ.

ಎರಡು ಗಂಟೆಗೆ ಮೋಕ್ಷಿತಾ ಮಾದಾಪುರದಲ್ಲಿದ್ದಳು. ನೀಲಿ ಪಟ್ಟಿ ತುಂಬಲು ನಲವತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಬೊಳ್ಳಪ್ಪ ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತು, ಬಲಗೈಯನ್ನು ಪ್ಲಗ್ಗಿನ ಮೇಲೆಯೇ ಇಟ್ಟುಕೊಂಡಿದ್ದರು.

“ಸುತ್ತೋಲೆ ಬಂದಿದೆಯಲ್ಲ ಮಾವ. ಕೈ ತೆಗೀರಿ.”

“ಸುತ್ತೋಲೆ ನೀ ಓದಿದ್ದು. ನಾನು ಕೇಳ್ಬೇಕು.”

ಪರದೆ ಒಮ್ಮೆ ಕತ್ತಲಾಗಿ ಮತ್ತೆ ಬೆಳಗಿತು. ಹೊಸ ಕೋಣೆಯಿಂದ ಹಳೆಯ ಧ್ವನಿ ಬಂತು: ನಮಸ್ಕಾರ. ಬೊಳ್ಳಪ್ಪ ಅಲುಗಾಡಲಿಲ್ಲ. “ಒಂದು ಪದ್ಯ ಹಾಕು” ಎಂದರು. ಅವಳು ಹಾಕಿದಳು. ಓದುಗಿತ್ತಿ ಒಂದೇ ಉಸಿರಿಗೆ ಎರಡು ಸಾಲು ಓಡಿ, ಮೂರನೆಯದರಲ್ಲಿ ದೇವರ ಹೆಸರಿನ ಸರಿ ನಡುವೆ ಹೋಗಿ ನಿಂತಳು.

“ಹಾಳಾದವಳು” ಎಂದರು ಬೊಳ್ಳಪ್ಪ. “ಮೈಸೂರಿಗೆ ಹೋಗಿ ಬಂದ್ರೂ ಕಲೀಲಿಲ್ಲೆ.”

ಆಮೇಲೆ ಪ್ಲಗ್ಗಿನ ಮೇಲಿಂದ ಕೈ ತೆಗೆದರು.